ಕೋಲಿಗೆ ಅತ್ತ ಹಟ್ಟಿ

ಯತ್ತಪ್ಪ ನಿಲ್ಲುವುದರಲ್ಲಿ ಹೆಸರಾದವನು. ಬೇರೆಯವರು ಉಳುವುದರಲ್ಲಿ, ಹಾಡುವುದರಲ್ಲಿ, ಜಗಳ ತೆಗೆಯುವುದರಲ್ಲಿ ಹೆಸರು ಮಾಡಿದರೆ ಇವನು ಕೋಲಿಗೆ ಗದ್ದ ಊರಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು, ಹೊತ್ತು ಮುಳುಗುವ ತನಕ ಅಲ್ಲಾಡದೆ ನಿಲ್ಲುತ್ತಿದ್ದ. ಕಾಗೆ ತಲೆಯ ಮೇಲೆ ಕೂತು ಹೋದದ್ದುಂಟು ಎಂದು ಅವನ ಅಣ್ಣ ಮೂಡಲಗಿರಿಯಪ್ಪ ಹೇಳುತ್ತಿದ್ದ. ಹೆಮ್ಮೆಯಿಂದ ಹೇಳುತ್ತಿದ್ದನೋ ಹೇಸಿ ಹೇಳುತ್ತಿದ್ದನೋ ತಿಳಿಯುತ್ತಿರಲಿಲ್ಲ. ಕುರಿ ಕಾಯುವವನಿಗೆ ಇದು ದೊಡ್ಡ ಗುಣ. ಕುರಿ ತಲೆ ಎತ್ತಿದಾಗ ಕಂಬಳಿ ಹೊದ್ದ ಆಕಾರವೊಂದು ಕಂಡರೆ ಸಾಕು, ಮತ್ತೆ ತಲೆ ತಗ್ಗಿಸಿ ಮೇಯುತ್ತದೆ. ಕಂಬಳಿಯ ಒಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ.

ಇದನ್ನು ಹಟ್ಟಿಯ ಗಂಡಸರೆಲ್ಲ ಬಲ್ಲರು. ಗಿಡದ ಮರೆಗೆ ಹೋಗಬೇಕಾದಾಗ, ನೆರಳಲ್ಲಿ ಒಂದಿಷ್ಟು ಕಣ್ಣು ಮುಚ್ಚಬೇಕಾದಾಗ, ಕೋಲನ್ನು ನೆಲಕ್ಕೆ ನೆಟ್ಟು, ಮೇಲೆ ಕಂಬಳಿ ಹೊದಿಸಿ, ತುದಿಗೆ ರುಮಾಲು ಸುತ್ತಿ ಹೋಗುವುದು ಅಪ್ಪಂದಿರ ಕಾಲದ ಉಪಾಯ. ಅದು ಕುರಿಗಳಿಗೆ ಮಾಡುವ ಮೋಸ. ಮನುಷ್ಯರಿಗೆ ಮಾಡಿದವನು ಯತ್ತಪ್ಪ ಒಬ್ಬನೇ, ಅದೂ ಒಂದೇ ಸಲ.

ಹಟ್ಟಿ ಇದ್ದದ್ದು ಮಧುಗಿರಿ ಸೀಮೆಯ ಪುರವರದ ಹತ್ತಿರ, ಜಯಮಂಗಲಿ ಹೊಳೆಯ ದಡದಲ್ಲಿ. ಕಾಡುಗೊಲ್ಲರ ಹಟ್ಟಿ. ಸುತ್ತ ಕಾರೆಮುಳ್ಳಿನ ಬೇಲಿ. ಬೇಲಿಯ ಒಳಗೆ ದೇವರು, ಜನ, ಕುರಿ ಕೂಡುವ ರೊಪ್ಪ. ಹೊರಗೆ, ಒಂದು ಹುಣಸೆ ಮರದ ಪಕ್ಕದಲ್ಲಿ, ಮೊಣಕಾಲೂರಿ ನುಗ್ಗಬೇಕಾದಷ್ಟು ಗಿಡ್ಡನೆಯ ಸೊಪ್ಪಿನ ಗುಡ್ಲು. ಮುಟ್ಟಾದ ಹೆಂಗಸು ಮೂರು ದಿನ ಅಲ್ಲಿರಬೇಕು. ಹೆರಿಗೆ ಅಲ್ಲೇ ಆಗಬೇಕು, ಆಮೇಲೆ ಸೂತಕ ಕಳೆಯುವ ತನಕ ಬಾಣಂತಿ ಮತ್ತು ಕೂಸು ಅಲ್ಲೇ ಇರಬೇಕು. ಒಳಗೆ ಬಂದರೆ ದೇವರು ಮುನಿಯುತ್ತದೆ ಎಂಬುದು ಗಂಡಸರ ಮಾತು. ದೇವರು ಹಾಗೆ ಹೇಳಿದ್ದನ್ನು ಕೇಳಿದ ಹೆಂಗಸು ಯಾರೂ ಇರಲಿಲ್ಲ. ಗುಡ್ಲಿಗೆ ಸೊಪ್ಪು ಹೊದಿಸುವುದು ಹೆಂಗಸರ ಕೆಲಸ. ಗಂಡಸರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅದು ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದ ವರ್ಷದ ಬೇಸಿಗೆ. ಮೈಸೂರು ಸಂಸ್ಥಾನ ಅಲ್ಲಾಡಿತು ಎಂದು ಪೇಟೆಯವರು ಹೇಳುತ್ತಿದ್ದರು. ಹಟ್ಟಿಯಲ್ಲಿ ಅಲ್ಲಾಡಿದ್ದು ಯತ್ತಪ್ಪನ ಮನಸ್ಸು ಮಾತ್ರ. ಅವನ ಮಂದೆಯಲ್ಲಿ ದೇವರಿಗೆ ಬಿಟ್ಟ ಟಗರೊಂದಿತ್ತು. ಬಾಗಿದ ಕೊಂಬು, ಬಂಡೆಯಂಥ ಹಣೆ. ಗುಡ್ಡದಾಚೆ ಕೊರಟಗೆರೆ ಕಡೆಯ ಹಟ್ಟಿಯಲ್ಲಿ ಅವನ ತಂಗಿಯ ಮನೆ. ಅಲ್ಲಿ ಟಗರಿನ ಕಾಳಗ ಇದೆಯೆಂದು ಭಾವಮೈದುನ ಹೇಳಿ ಕಳಿಸಿದ್ದ. ದೇವರ ಟಗರನ್ನು ಕಾಳಗಕ್ಕೆ ಬಿಡುವುದು ತಪ್ಪು. ಯತ್ತಪ್ಪ ಆ ಮಾತು ಎತ್ತಿದಾಗಲೇ ಮೂಡಲಗಿರಿಯಪ್ಪ ಬೈದಿದ್ದ. ಅಣ್ಣನ ಬೈಗುಳಕ್ಕೆ ಯತ್ತಪ್ಪ ಎಂದೂ ಎದುರಾಡಿದವನಲ್ಲ. ಕೇಳಿಸಿಕೊಂಡು ತನಗೆ ತೋಚಿದ್ದನ್ನು ಮಾಡುತ್ತಿದ್ದ.

ಆ ದಿನ ಅಣ್ಣ ಆಚೆ ದಡದಲ್ಲಿ ಕುರಿ ಬಿಟ್ಟುಕೊಂಡಿದ್ದ, ತಮ್ಮ ಈಚೆ ದಡದಲ್ಲಿ. ಹೊಳೆಯಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ. ಯತ್ತಪ್ಪ ಹೊಳೆಯ ನಡುವಿನ ಮರಳು ತಿಟ್ಟಿನ ಮೇಲೆ, ಅಣ್ಣನ ಕಣ್ಣಿಗೆ ಚೆನ್ನಾಗಿ ಬೀಳುವ ಹಾಗೆ ಕೋಲು ನೆಟ್ಟ, ಕಂಬಳಿ ಹೊದಿಸಿದ, ರುಮಾಲು ಸುತ್ತಿದ. ಒಂದು ಸಲ ಹಿಂದೆ ಸರಿದು ನೋಡಿದ. ತನಗಿಂತ ಅದೇ ಚೆನ್ನಾಗಿ ನಿಂತಿದೆ ಅನ್ನಿಸಿತು. ಟಗರಿನ ಕೊರಳ ಹಗ್ಗ ಹಿಡಿದು ಲಕ್ಕಿಗಿಡದ ಮರೆಯಲ್ಲಿ ಗುಡ್ಡದ ದಾರಿ ಹಿಡಿದ. ಸಂಜೆಗೆ ಅಣ್ಣ ಎರಡೂ ಮಂದೆ ಹೊಡೆದುಕೊಂಡು ಹೋಗುತ್ತಾನೆ, ನಾಳೆ ಬಂದು ಬೈಸಿಕೊಂಡರಾಯಿತು ಎಂಬುದು ಅವನ ಲೆಕ್ಕ.

ಟಗರು ಮೊದಲ ಗುದ್ದಿಗೇ ಸೋತಿತು. ಒಂದು ಕೊಂಬು ಬುಡದಲ್ಲಿ ಸೀಳಿತು. ಯತ್ತಪ್ಪ ಅದಕ್ಕೆ ಅರಿಶಿನ ಮೆತ್ತುತ್ತಾ ಕೂತಿದ್ದಾಗ ಮೂಡಲ ಗುಡ್ಡದಾಚೆ ಆಕಾಶ ಕರ್ರಗಾಗಿ ಮಿಂಚುತ್ತಿತ್ತು. ಇತ್ತ ತಣ್ಣನೆ ಗಾಳಿ ಬಿಟ್ಟರೆ ಒಂದು ಹನಿಯೂ ಬೀಳಲಿಲ್ಲ. ‘ನಮ್ ಕಡೆ ಹದವಾಗಿ ಹುಯ್ತಾ ಐತೆ’ ಎಂದು ಯತ್ತಪ್ಪ ಭಾವಮೈದುನನಿಗೆ ಹೇಳಿದ. ಹೇಳುವಾಗ ಸ್ವಲ್ಪ ಜಂಬವೂ ಇತ್ತು. ಕೊಂಬು ಕೂಡಲಿ ಎಂದು ಇನ್ನೂ ಎರಡು ದಿನ ಅಲ್ಲೇ ಉಳಿದ. ತಂಗಿ ಅವರೆಬೇಳೆ ಹುಳಿ ಮಾಡಿ ಹಾಕಿದಳು. ಯತ್ತಪ್ಪ ಚೆನ್ನಾಗಿ ನಿದ್ದೆ ಮಾಡಿದ.

ವಾಪಸು ಬರುವ ದಾರಿಯುದ್ದಕ್ಕೂ ಒಂದು ಸುಳ್ಳನ್ನು ಬಾಯಿಪಾಠ ಮಾಡಿದ. ತೋಳ ಬಂತು, ಟಗರು ಬೆದರಿ ಗುಡ್ಡ ಹತ್ತಿತು, ಬೆನ್ನಟ್ಟಿ ಹೋದವನು ಇವತ್ತು ಹಿಡಿದು ತಂದೆ. ಗುಡ್ಡ ಇಳಿಯುವಾಗ ತಂಗಡಿ ಗಿಡಗಳಲ್ಲಿ ಒಂದೂ ಎಲೆಯಿಲ್ಲದ್ದು ಕಂಡಿತು. ಯಾರ ಮೇಕೆಯೋ ಬರಗೆಟ್ಟು ಮೇಯ್ದಿವೆ ಅಂದುಕೊಂಡ. ಹೊಂಗೆ ಮರದಡಿ ಗೊರವಂಕಗಳು ಸತ್ತು ರಾಶಿ ಬಿದ್ದಿದ್ದವು. ಹಕ್ಕಿಗೂ ರೋಗ ಬಂತೋ ಏನೋ ಅಂದುಕೊಂಡ. ಸುಳ್ಳಿನ ನಡುವೆ ತೋಳ ಯಾವ ದಿಕ್ಕಿನಿಂದ ಬಂತು ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಅವನ ಗಮನ ಅಲ್ಲಿತ್ತು.

ಹಟ್ಟಿಯ ಹತ್ತಿರ ಎದುರಿಗೆ ಗಂಡಸರ ಗುಂಪು ಬರುತ್ತಿತ್ತು. ಕೈಯಲ್ಲಿ ಬರಿದಾದ ಚೊಂಬು, ದೊನ್ನೆ. ಮಣ್ಣು ಮಾಡಿದ ಜಾಗಕ್ಕೆ ಮೂರನೇ ದಿನ ಹಾಲುತುಪ್ಪ ಬಿಟ್ಟು ಬರುವವರು. ಯತ್ತಪ್ಪ ದಾರಿ ಬಿಟ್ಟು ಪಕ್ಕಕ್ಕೆ ನಿಂತ. ಸಾವಿನ ಮುಂದೆ ಟಗರಿನ ಸುದ್ದಿ ಎತ್ತುವುದು ಸರಿಯಲ್ಲ ಎಂದು ಮೆಲ್ಲಗೆ ಕೇಳಿದ.

‘ಯಾರು ಹೋದ್ರಣ್ಣ?’

ಮುಂದಿದ್ದ ಮೂಡಲಗಿರಿಯಪ್ಪನ ಕೈಯಿಂದ ಚೊಂಬು ಬಿತ್ತು. ಅವನ ಮೀಸೆ ಬೋಳಿಸಿತ್ತು. ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವನ ಹಿಂದೆ ಅರಿಶಿನ ಮೆತ್ತಿದ ಟಗರನ್ನು ನೋಡಿ, ‘ನೀನೇ ಕಣ್ಲಾ’ ಅಂದ.

ಆಮೇಲೆ ಕುಕ್ಕರುಗಾಲಲ್ಲಿ ಕೂತ. ‘ಮೂರು ದಿನ ನಾನು ಒಂದು ಕೋಲಿಗೆ ಅತ್ತೆನಲ್ಲೋ.’

ನಡೆದದ್ದು ಇಷ್ಟು. ಯತ್ತಪ್ಪ ಹೋದ ದಿನ ಮಧ್ಯಾಹ್ನ ಇಳಿದ ಮೇಲೆ ಬಿರುಗಾಳಿ ಎದ್ದಿತು. ಹಿಂದೆಯೇ ಆಲಿಕಲ್ಲು, ನಿಂಬೆಹಣ್ಣಿನ ಗಾತ್ರದ್ದು. ಮೂಡಲಗಿರಿಯಪ್ಪ ತನ್ನ ಕುರಿಗಳನ್ನು ಬಂಡೆಯಡಿಗೆ ನುಗ್ಗಿಸಿ, ‘ಓಡ್ಲಾ, ಓಡ್ಲಾ’ ಎಂದು ತಮ್ಮನಿಗೆ ಗಂಟಲು ಹರಿಯುವಂತೆ ಕೂಗಿದ. ತಿಟ್ಟಿನ ಮೇಲಿನ ಆಕಾರ ಅಲ್ಲಾಡಲಿಲ್ಲ. ಆಲಿಕಲ್ಲು ಬಡಿಯುತ್ತಿದ್ದರೂ ನಿಂತೇ ಇತ್ತು. ತಮ್ಮ ನಿಲ್ಲುವವನು ಎಂದು ಗೊತ್ತಿತ್ತು, ಇಷ್ಟು ನಿಲ್ಲುತ್ತಾನೆಂದು ಗೊತ್ತಿರಲಿಲ್ಲ. ಯತ್ತಪ್ಪನ ಕುರಿಗಳು ದಿಕ್ಕು ಕಾಣದೆ ಕಂಬಳಿಯ ಸುತ್ತ ಹೋಗಿ ಒತ್ತಿಕೊಂಡವು. ಅವಕ್ಕೆ ಅದೇ ಯತ್ತಪ್ಪ. ಹೊಳೆಯ ಮೇಲ್ಗಡೆಯಿಂದ ಕೆಂಪು ನೀರು ಬಂತು. ಕಂಬಳಿ, ಕೋಲು, ಕುರಿ ಎಲ್ಲ ಒಟ್ಟಿಗೆ ಹೋದವು. ಮಾರನೇ ದಿನ ಹೊಳೆಯ ತಿರುವಿನಲ್ಲಿ ಸತ್ತ ಕುರಿಗಳು ಸಿಕ್ಕವು, ಕಂಬಳಿ ಮುಳ್ಳುಕಂಟಿಗೆ ಸಿಕ್ಕಿ ನೇತಾಡುತ್ತಿತ್ತು. ಹೆಣ ಸಿಗಲಿಲ್ಲ. ಅಣ್ಣ ಕಣ್ಣಾರೆ ಕಂಡ ಸಾವು. ಕಂಬಳಿಯನ್ನೇ ಹೆಣ ಮಾಡಿ ಮಣ್ಣು ಮಾಡಿದರು.

ಯತ್ತಪ್ಪ ಬಾಯಿಪಾಠ ಮಾಡಿದ ಸುಳ್ಳು ಬಾಯಲ್ಲೇ ಉಳಿಯಿತು. ಯಾರೂ ಟಗರಿನ ವಿಚಾರ ಕೇಳಲಿಲ್ಲ.

ಅವನನ್ನು ಬೇಲಿಯ ಬಾಗಿಲಲ್ಲಿ ಹಟ್ಟಿಯ ಯಜಮಾನ ದೊಡ್ಡರಂಗಪ್ಪ ತಡೆದ. ದೊಡ್ಡರಂಗಪ್ಪ ಕೆಟ್ಟವನಲ್ಲ. ಕಟ್ಟುಕಟ್ಟಳೆ ಬಿಟ್ಟು ಬೇರೆ ಯೋಚನೆ ಅವನಿಗೆ ಬರುತ್ತಿರಲಿಲ್ಲ ಅಷ್ಟೆ. ಹಾಲುತುಪ್ಪ ಬಿಟ್ಟ ಮೇಲೆ ಸತ್ತವನು ಸತ್ತವನೇ. ಸತ್ತವನು ಬೇಲಿ ದಾಟಿ ಒಳಗೆ ಬರುವಂತಿಲ್ಲ. ಬರಬೇಕಾದರೆ ಮತ್ತೆ ಹುಟ್ಟಬೇಕು. ಹುಟ್ಟುವ ಜಾಗ ಯಾವುದು? ಹೊರಗಿನ ಗುಡ್ಲು. ಹೆತ್ತವಳೊಬ್ಬಳು ಅಲ್ಲಿ ಅವನನ್ನು ಹೆತ್ತೆ ಎನ್ನಬೇಕು, ಸೂತಕ ಕಳೆಯಬೇಕು, ಮೀಯಬೇಕು, ಆಮೇಲೆ ಒಳಗೆ. ಹಟ್ಟಿಯ ಸೂಲಗಿತ್ತಿಯೂ ಯತ್ತಪ್ಪನ ತಾಯಿಯೂ ಆದ ನರಸಮ್ಮನನ್ನು ಕರೆದು ಕೇಳಿದರು. ಮುದುಕಿ ಮಗನ ಮುಖವನ್ನು ಒಂದು ಗಳಿಗೆ ನೋಡಿದಳು. ಬದುಕಿದ್ದಾನೆ ಎಂದು ಖಾತ್ರಿಯಾದ ಮೇಲೆ ಸಿಟ್ಟು ಬಂತು.

‘ಒಂದು ಸಲ ಹೆತ್ತು ಅನುಭವಿಸಿದ್ದು ಸಾಲದಾ? ಆ ಗುಡ್ಲಿಗೆ ನಾನು ಇನ್ನೊಂದು ಕಿತ ಬಾಣಂತಿಯಾಗಿ ತೂರಲ್ಲ ಕಣಪ್ಪ.’

ಹಾಗಾಗಿ ಯತ್ತಪ್ಪ ಸತ್ತವನೂ ಅಲ್ಲದೆ ಹುಟ್ಟಿದವನೂ ಅಲ್ಲದೆ ಬೇಲಿಯ ಹೊರಗೆ ಉಳಿದ. ಟಗರಿಗೆ ಯಾರೂ ಹಾಲುತುಪ್ಪ ಬಿಟ್ಟಿರಲಿಲ್ಲವಾದ್ದರಿಂದ ಅದು ಒಳಗೆ ಹೋಯಿತು.

ಹೊರಗೆ ಗುಡ್ಲೂ ಇರಲಿಲ್ಲ. ಗಾಳಿ ಅದನ್ನು ಬುಡಸಮೇತ ಎತ್ತಿಕೊಂಡು ಹೋಗಿ, ನಾಲ್ಕು ಗೂಟ ಮಾತ್ರ ಬಿಟ್ಟಿತ್ತು. ಪಕ್ಕದ ಹುಣಸೆ ಮರದ ಅರ್ಧ ಮುರಿದು ಬಿದ್ದಿತ್ತು. ಯತ್ತಪ್ಪ ಉಳಿದರ್ಧ ಮರದ ಬುಡದಲ್ಲಿ ಬೀಡುಬಿಟ್ಟ. ಹೆಂಡತಿ ಕರಿಯಕ್ಕ ಹೊತ್ತಿಗೆ ಸರಿಯಾಗಿ ಬಂದು, ದೂರದ ಕಲ್ಲಿನ ಮೇಲೆ ಊಟ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ಗಂಡ ಸತ್ತರೂ ಬಳೆ ಒಡೆಯುವ ಪದ್ಧತಿ ಅವರಲ್ಲಿಲ್ಲ. ಅವಳ ಕೈ ನೋಡಿ ಅವಳು ಮೂರು ದಿನ ಏನಾಗಿದ್ದಳು ಎಂದು ತಿಳಿಯುವ ಹಾಗಿರಲಿಲ್ಲ. ಮೊದಲ ದಿನ ಯತ್ತಪ್ಪ ಉಣ್ಣದೆ ಕೂತಾಗ ಅವಳು ಹೇಳಿದಳು:

‘ಸತ್ತೋನು ಉಣ್ಣಂಗಿಲ್ಲ, ಹುಟ್ಟಿದೋನು ಮುದ್ದೆ ನುಂಗಂಗಿಲ್ಲ. ನೀನು ಎರಡೂ ಅಲ್ಲ. ಉಣ್ಣು.’

ಉಂಡ. ಎರಡು ಮೂರು ದಿನ ಉಂಡ ಮೇಲೆ ಅವನಿಗೊಂದು ಸಂಗತಿ ಕಣ್ಣಿಗೆ ಬಿತ್ತು. ಮುದ್ದೆ ಗುಂಡಗಿರಲಿಲ್ಲ. ಕರಿಯಕ್ಕ ಕಟ್ಟಿದ ಮುದ್ದೆ ಉರುಳಿಸಿದರೆ ಪುರವರದ ತನಕ ಉರುಳುತ್ತದೆ ಎಂಬ ಮಾತಿತ್ತು. ಇದು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿ, ತುಳಿದ ಮಣ್ಣಿನ ಹೆಂಟೆಯ ಹಾಗಿತ್ತು. ಸಿಟ್ಟಿಗೆ ಹೀಗೆ ಕಟ್ಟುತ್ತಾಳೇನೋ ಎಂದು ಕೇಳಿಯೇಬಿಟ್ಟ.

ಕರಿಯಕ್ಕ ಬಲಗೈ ಎತ್ತಿ ತೋರಿಸಿದಳು. ಎರಡು ಬೆರಳು ಊದಿ ನೀಲಿಗಟ್ಟಿ, ಬಾಗಬಾರದ ಕಡೆಗೆ ಬಾಗಿದ್ದವು.

ಬಿರುಗಾಳಿ ಬಂದಾಗ ಅವಳು ಮುಟ್ಟಾಗಿ ಗುಡ್ಲಿನಲ್ಲಿದ್ದಳು. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವಂಥದ್ದು ಎಂದು ಯಾರಿಗೂ ಅನ್ನಿಸಿರಲಿಲ್ಲ. ಗುಡ್ಲು ಹಾರಿದ ಮೇಲೆ ಅಡುಗೆಯ ಮಡಕೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಕೂತಳು. ಮಡಕೆ ಒಡೆಯಿತು. ಆಮೇಲೆ ಕೈ ಇಟ್ಟುಕೊಂಡಳು. ಬೇಲಿಯ ಬಾಗಿಲು ಹತ್ತು ಮಾರು ದೂರದಲ್ಲಿತ್ತು. ಒಳಗಿನ ಗಂಡಸರು ಮಾಡಿನ ಕೆಳಗೆ ನಿಂತು ಅವಳನ್ನು ನೋಡುತ್ತಿದ್ದರು, ಅವಳು ಅವರನ್ನು ನೋಡುತ್ತಿದ್ದಳು. ಅವರು ಬಾ ಎನ್ನಲಿಲ್ಲ, ಇವಳು ಬರುತ್ತೇನೆ ಎನ್ನಲಿಲ್ಲ. ಗಂಡ ಸತ್ತ ಸುದ್ದಿಯನ್ನೂ ಬೇಲಿಯ ಆಚೆಯಿಂದಲೇ ಕೂಗಿ ಹೇಳಿದರು.

ಇಷ್ಟನ್ನೂ ಕರಿಯಕ್ಕ ಸಂತೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ಕೊನೆಗೆ ಒಂದು ಮಾತು ಸೇರಿಸಿದಳು:

‘ನಂದು ಮುಗೀತು ಬುಡು. ಜುಂಜಮ್ಮುಂದು ಇದೇ ತಿಂಗಳು.’

ಜುಂಜಮ್ಮ ಅವರ ಮಗಳು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ಹೆರಿಗೆಯಾಗಬೇಕಾದದ್ದು ಇಲ್ಲಿ, ಈ ನಾಲ್ಕು ಗೂಟಗಳ ನಡುವೆ. ಕೃತ್ತಿಕೆ ಮಳೆ ಇಷ್ಟು ಮಾಡಿತು, ರೋಹಿಣಿ ಹಿಂದೆಯೇ ಬರುವುದಿತ್ತು. ಹೊಸ ಸೊಪ್ಪು ಹೊದಿಸೋಣ ಎಂದರೆ ಗಿಡದಲ್ಲಿ ಸೊಪ್ಪೇ ಉಳಿದಿರಲಿಲ್ಲ.

ಆ ದಿನ ಯತ್ತಪ್ಪ ಗೂಟಗಳ ನಡುವೆ ಹೋಗಿ ಮಲಗಿ ನೋಡಿದ. ಅಡ್ಡ ಮಲಗಿದರೆ ಕಾಲು ಹೊರಗೆ, ಉದ್ದ ಮಲಗಿದರೆ ತಲೆ ಹೊರಗೆ. ನಲವತ್ತು ದಾಟಿದ ಗಂಡಸು, ತಾನು ಹುಟ್ಟಿದ ಜಾಗವನ್ನು ಅವನು ಹೊಕ್ಕು ನೋಡಿದ್ದು ಅದೇ ಮೊದಲು. ಎದ್ದು ಮೈ ಕೊಡವಿಕೊಂಡು ಹೊಳೆಯ ಕಡೆ ಹೋದ. ಹೊಳೆ ತಂದು ಹಾಕಿದ ಕಲ್ಲುಗಳಿದ್ದವು. ಒಂದೊಂದೇ ಹೊತ್ತು ತರಲು ಶುರುಮಾಡಿದ.

ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಗೋಡೆ ಏರಿಸುವುದು ಕುರಿರೊಪ್ಪ ಕಟ್ಟುವ ಪ್ರತಿ ಗಂಡಸಿಗೂ ಬರುವ ಕೆಲಸ. ಯತ್ತಪ್ಪನಿಗೆ ಅದು ಚೆನ್ನಾಗೇನೂ ಬರುತ್ತಿರಲಿಲ್ಲ. ಒಂದು ಸಲ ಮೊಣಕಾಲೆತ್ತರ ಬಂದ ಗೋಡೆ ಅವನ ಕಾಲಿನ ಮೇಲೇ ಕೂತಿತು. ಮತ್ತೆ ಏರಿಸಿದ. ಬೇಲಿಯ ಸಂದಿನಲ್ಲಿ ಕಣ್ಣುಗಳು ಕಾಣಿಸಿಕೊಳ್ಳತೊಡಗಿದವು. ಗೋಡೆ ಸೊಂಟದೆತ್ತರ ಬಂದಾಗ ದೊಡ್ಡರಂಗಪ್ಪ ಬಂದು ದೂರದಲ್ಲಿ ನಿಂತ. ಸೂತಕದ ಜಾಗಕ್ಕೆ ಕಲ್ಲಿನ ಗೋಡೆ ಕೂಡದು ಎಂದ. ಕಲ್ಲಿನ ಗೋಡೆ ದೇವರಿಗೆ ಉಂಟು, ಕುರಿಗೆ ಉಂಟು, ಇದಕ್ಕಿಲ್ಲ.

‘ದೇವ್ರಿಗೂ ಐತೆ, ಕುರಿಗೂ ಐತೆ. ನಡುವಿರೋರಿಗೆ ಯಾಕಿಲ್ಲ ದೊಡ್ಡಯ್ಯ?’

‘ಹಿಂದ್ಲಿಂದ ಬಂದಿಲ್ಲ ಕಣ್ಲಾ.’

ಯತ್ತಪ್ಪ ಇನ್ನೊಂದು ಕಲ್ಲು ಇಟ್ಟ. ಕಟ್ಟು ಮೀರಿದರೆ ದಂಡ ಹಾಕಬೇಕಾಗುತ್ತದೆ ಎಂದ ದೊಡ್ಡರಂಗಪ್ಪ.

‘ಯಾರ್ಗೆ?’

ದಂಡ ಹಟ್ಟಿಯವರಿಗೆ. ಹಟ್ಟಿಯಲ್ಲಿ ಯತ್ತಪ್ಪ ಎಂಬುವನು ಸತ್ತು, ಅವನಿಗೆ ಹಾಲುತುಪ್ಪ ಬಿಟ್ಟು ಆಗಿತ್ತು. ಬಿಡಿಸಿದವನೇ ದೊಡ್ಡರಂಗಪ್ಪ. ಸತ್ತವನಿಗೆ ದಂಡ ಹಾಕಿದ ಪದ್ಧತಿ ಹಿಂದಿನಿಂದ ಬಂದಿರಲಿಲ್ಲ. ಅವನು ಅದನ್ನು ಮನಸ್ಸಿನಲ್ಲಿ ಹಿಂದೆಮುಂದೆ ಮಾಡಿ ನೋಡುತ್ತಾ ಹೋದ.

ಮಾರನೇ ದಿನ ಬಂದು ಬೇರೆ ಮಾತು ಆಡಿದ. ಗೋಡೆ ಕೆಡವಿಬಿಡು, ನಾಳೆಯೇ ಮಿಂದು ಒಳಗೆ ಬಾ, ನರಸಮ್ಮ ಹೆರದಿದ್ದರೂ ನಡೆಯುತ್ತದೆ, ದೇವರಿಗೆ ನಾನು ಹೇಳಿಕೊಳ್ಳುತ್ತೇನೆ. ಕೆಡವದಿದ್ದರೆ ಸತ್ತವನಾಗಿಯೇ ಇರು. ಮನೆ, ಅಣ್ಣನ ಮಂದೆಯಲ್ಲಿನ ಪಾಲು, ದೇವರ ಮುಂದಿನ ಜಾಗ, ಯಾವುದೂ ನಿನ್ನದಲ್ಲ. ಇದು ಬಾಯಿಮಾತಿನ ಬೆದರಿಕೆಯಾಗಿರಲಿಲ್ಲ. ಬೇಲಿಯಿಂದ ಹೊರಬಿದ್ದ ಕಾಡುಗೊಲ್ಲನಿಗೆ ಇನ್ನೊಂದು ಹಟ್ಟಿಯೂ ಬಾಗಿಲು ತೆರೆಯುವುದಿಲ್ಲ, ತಂಗಿಯದ್ದೂ ಸೇರಿ. ಯತ್ತಪ್ಪನಿಗೂ ಅದು ಗೊತ್ತಿತ್ತು. ಅವನು ಕೋಲಿಲ್ಲದೆಯೇ ಬಹಳ ಹೊತ್ತು ನಿಂತ. ದೊಡ್ಡರಂಗಪ್ಪನ ಕಾಲು ನೋಯತೊಡಗಿತು.

‘ಕೂಸು ಹುಟ್ಲಿ, ಆಮೇಲೆ ನೋಡನ’ ಎಂದ ಯತ್ತಪ್ಪ ಕೊನೆಗೆ. ಮುರಿದ ಹುಣಸೆ ಕೊಂಬೆಗಳನ್ನು ಗೋಡೆಯಿಂದ ಗೋಡೆಗೆ ಅಡ್ಡ ಹಾಕಿ, ಹೊಳೆ ಬದಿಯ ಬಾದೆಹುಲ್ಲು ಕೊಯ್ದು ದಪ್ಪನಾಗಿ ಹೊದಿಸಿದ. ಹುಲ್ಲು ಹಾರದಂತೆ ಮೇಲೆ ಕಲ್ಲು ಹೇರಿದ. ಹುಲ್ಲಿನ ಹೊರೆಗಳು ದಿನವೂ ಬೆಳಗ್ಗೆ ಅವನು ಕೊಯ್ದದ್ದಕ್ಕಿಂತ ಹೆಚ್ಚಾಗಿರುತ್ತಿದ್ದವು. ಯಾವ ಹೆಂಗಸು ತಂದು ಹಾಕಿದಳು ಎಂದು ಅವನು ಕೇಳಲಿಲ್ಲ. ಮೂಡಲಗಿರಿಯಪ್ಪ ಮಾತ್ರ ಬೇಲಿಯ ಹತ್ತಿರವೂ ಸುಳಿಯಲಿಲ್ಲ. ಅವನಿಗೆ ಮೀಸೆ ಇನ್ನೂ ಬಂದಿರಲಿಲ್ಲ.

ರೋಹಿಣಿ ಮಳೆ ಬಂದ ದಿನವೇ ಜುಂಜಮ್ಮನಿಗೆ ನೋವೂ ಬಂತು. ಮಧ್ಯಾಹ್ನ ಗಾಳಿ ಎದ್ದಾಗ ಕರಿಯಕ್ಕ ಒಂದು ಕಡೆ, ನರಸಮ್ಮ ಒಂದು ಕಡೆ ಹಿಡಿದು ಬೇಲಿಯಾಚೆ ಕರೆತಂದರು. ಅಭ್ಯಾಸ ಬಲದಿಂದ ನರಸಮ್ಮ ಬಾಗಿಲಲ್ಲಿ ಮೊಣಕಾಲೂರಿ ಬಗ್ಗಿದಳು. ಮೇಲೆ ನೋಡಿ ಮತ್ತೆ ಎದ್ದು ನಿಂತಳು. ನಿಂತೇ ಒಳಗೆ ಹೋದಳು. ಎಷ್ಟು ಕೂಸುಗಳನ್ನು ಹಿಡಿದವಳೋ, ಅಷ್ಟನ್ನೂ ಬಗ್ಗಿಯೇ ಹಿಡಿದವಳು.

ಯತ್ತಪ್ಪ ಹುಣಸೆ ಮರದಡಿ ಹೋಗಿ ಕುಕ್ಕರು ಕೂತ. ಕಂಬಳಿ ಮಣ್ಣಿನಲ್ಲಿತ್ತು, ಬರೀ ಮೈ. ಹಿಂದಿನ ಬಿರುಗಾಳಿಯಲ್ಲಿ ಕಾಣದೆ ಹೋದದ್ದನ್ನೆಲ್ಲ ಈ ಸಲ ಹತ್ತಿರದಿಂದ ನೋಡಿದ. ಮಳೆ ಅಡ್ಡಡ್ಡ ಬರುತ್ತದೆ, ಕಣ್ಣೊಳಗೆ ಮಣ್ಣು ತುಂಬುತ್ತದೆ, ಆಲಿಕಲ್ಲು ಮೊದಲು ಚಿಕ್ಕದು, ಆಮೇಲೆ ದೊಡ್ಡದು. ಒಂದು ಹೊಡೆತಕ್ಕೆ ಕಿವಿ ಹರಿದು ರಕ್ತ ಬಂತು. ಅವನು ಗುಡ್ಲಿನ ಮಾಡಿನ ಮೇಲೆ ಕಣ್ಣಿಟ್ಟು ಅಲ್ಲಾಡದೆ ಕೂತ. ಒಂದು ಕಲ್ಲು ಜಾರಿದರೂ ಓಡಿಹೋಗಿ ಏರಿಸಬೇಕಿತ್ತು.

ಬೇಲಿಯ ಒಳಗಿಂದ ಮೂಡಲಗಿರಿಯಪ್ಪ ಮಳೆಯಲ್ಲಿ ಒಂದು ಕಪ್ಪು ಆಕಾರವನ್ನು ಕಂಡ. ಬಹಳ ಹೊತ್ತು ನೋಡಿದ. ಅದು ಮಿಸುಕಲಿಲ್ಲ. ಈ ಸಲ ಅವನು ಮೋಸ ಹೋಗಲು ತಯಾರಿರಲಿಲ್ಲ. ಒಂದು ಕಲ್ಲು ತೆಗೆದು ಗುರಿಯಿಟ್ಟು ಬೀಸಿದ.

‘ಅಯ್ಯಪ್ಪಾ’ ಎಂದಿತು ಆಕಾರ. ‘ಯಾವೋನ್ಲಾ ಅವ್ನು?’

‘ನಾನೇ ಕಣ್ಲಾ. ಒಳಗೆ ನೀನಿದ್ದೀಯೋ ಇಲ್ವೋ ನೋಡ್ದೆ.’

ಆಮೇಲೆ ಮೂಡಲಗಿರಿಯಪ್ಪ ತನ್ನ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಬೇಲಿ ದಾಟಿ ಬಂದ. ತಮ್ಮನನ್ನು ಒತ್ತರಿಸಿ ಪಕ್ಕದಲ್ಲಿ ಕೂತು ಅರ್ಧ ಕಂಬಳಿಯನ್ನು ಅವನ ಮೇಲೂ ಹೊದಿಸಿದ. ಮುಟ್ಟಿದ್ದರಿಂದ ಅವನಿಗೂ ಮೈಲಿಗೆಯಾಯಿತು. ಟಗರು ಗೆದ್ದಿತ್ತೋ ಸೋತಿತ್ತೋ ಎಂದು ಕೇಳಿದ. ಸೋತಿತು ಎಂದ ಯತ್ತಪ್ಪ. ಆಗಬೇಕಾದದ್ದೇ ಎಂದ ಮೂಡಲಗಿರಿಯಪ್ಪ. ಮಾಡು ಒಂದು ಕಡೆ ಎದ್ದಾಗ ಇಬ್ಬರೂ ಓಡಿ ಕಲ್ಲು ಹೇರಿದರು.

ಮಳೆ ನಿಂತ ಮೇಲೆ ನರಸಮ್ಮ ಹೊರಗೆ ಬಂದಳು. ಅವಳ ಸೀರೆ ಒಂದು ಹನಿಗೂ ನೆನೆದಿರಲಿಲ್ಲ. ಬೇಲಿಯ ಬಾಗಿಲಲ್ಲಿ ದೊಡ್ಡರಂಗಪ್ಪ, ಹಿಂದೆ ಹಟ್ಟಿ. ಏನು ಕೂಸು ಎಂದು ಕೇಳಿದರು.

‘ಎರಡು’ ಎಂದಳು ನರಸಮ್ಮ. ‘ಒಂದು ಹೆಣ್ಣು, ಜುಂಜಮ್ಮುಂದು. ಇನ್ನೊಂದು ಗಂಡು, ನಂದು. ಅಕಾ, ಅಲ್ಲಿ ಕುಂತೈತೆ, ಕಿವಿ ಹರ್ಕಂಡು. ಗುಡ್ಲಲ್ಲಿ ಹೆತ್ತೆ ಅಂತ ಹೇಳ್ಬೇಕು ತಾನೆ? ಹೆತ್ತೆ. ಹೆತ್ತ ಗುಡ್ಲು ಕೆಡವೋರು ಯಾರು ಬರ್ತೀರೋ ಬರ್ರಿ.’

ಯಾರೂ ಬರಲಿಲ್ಲ. ಅಲ್ಲಿ ನಿಂತವರಲ್ಲಿ ನರಸಮ್ಮ ಹೊಕ್ಕುಳು ಕೊಯ್ಯದವರೇ ಕಡಿಮೆ. ದೊಡ್ಡರಂಗಪ್ಪ ಕಟ್ಟಳೆಗಳನ್ನೆಲ್ಲ ಒಂದು ಸಲ ಮನಸ್ಸಿನಲ್ಲೇ ಓಡಿಸಿ ನೋಡಿದ. ಹೆತ್ತವಳು ಹೆತ್ತೆ ಎಂದ ಮೇಲೆ ಅಲ್ಲ ಎನ್ನಲು ಯಾವುದೂ ಸಿಗಲಿಲ್ಲ. ಗೋಡೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಒಪ್ಪಿದೆ ಎಂದೂ ಹೇಳಲಿಲ್ಲ.

ಸೂತಕ ಕಳೆದ ದಿನ ಮೊಮ್ಮಗಳು, ತಾತ ಇಬ್ಬರಿಗೂ ಒಂದೇ ಹಂಡೆಯ ನೀರು ಹಾಕಿ ಒಳಗೆ ಕರೆದುಕೊಂಡರು. ಆ ಹಟ್ಟಿಯ ಹೆಂಗಸರು ಅಂದಿನಿಂದ ಹೊರಗಾದಾಗ ಕಲ್ಲಿನ ಗೋಡೆಯ ಒಳಗೆ ಹೊರಗಾದರು. ಹೊರಗಾಗುವುದು ಮಾತ್ರ ನಿಲ್ಲಲಿಲ್ಲ. ಗೋಡೆ ಕಟ್ಟಿದಷ್ಟು ಸುಲಭಕ್ಕೆ ಬೇಲಿ ಕೀಳಲು ಬರುವುದಿಲ್ಲ.

ಕರಿಯಕ್ಕನ ಬೆರಳುಗಳು ಸೊಟ್ಟಗೇ ಉಳಿದವು. ಅವಳ ಮುದ್ದೆ ಮತ್ತೆ ಗುಂಡಗಾಗಲಿಲ್ಲ. ಯತ್ತಪ್ಪ ಅದರ ಬಗ್ಗೆ ಇನ್ನೊಮ್ಮೆ ಕೇಳಲಿಲ್ಲ, ತಟ್ಟೆಯಲ್ಲಿ ಒಂದು ತುಣುಕೂ ಬಿಡಲಿಲ್ಲ.